ಬರುವುದಾದರೆ ಬರುತ್ತೇವೆ ಅನ್ನು

ಟೆಹರಾನ್, ತಜ್ರಿಶ್
ಆಜರ್ ೯, ೧೩೭೪ (ನವೆಂಬರ್ ೩೦, ೧೯೯೫)

ಮಾಹ್‌ರುಖ್,

ಇವತ್ತು ಬೆಳಿಗ್ಗೆ ಅಡುಗೆಮನೆ ಕಿಟಕಿ ತೆಗೆದರೆ ಬೆಟ್ಟದ ನೆತ್ತಿ ಬೆಳ್ಳಗಾಗಿತ್ತು. ಈ ವರ್ಷದ ಮೊದಲ ಹಿಮ. ಮೂರು ಮಹಡಿ ಹತ್ತುವುದಕ್ಕೇ ಏದುಸಿರು ಬಿಡುವ ಹೆಂಗಸಿಗೆ ಹಿಮ ಬಿದ್ದರೇನು, ಬೀಳದಿದ್ದರೇನು ಅಂತ ನೀನು ಕೇಳಬಹುದು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಭೂಗೋಳ ಹೇಳಿಕೊಟ್ಟು ದಣಿದವಳು ನಾನು. ಬೆಟ್ಟ, ನದಿ, ಮಳೆ ಎಲ್ಲ ಸಾಕಾಗಿದೆ. ಆದರೂ ಒಂದು ಆಸೆ ಉಳಿದಿದೆ, ಅದನ್ನು ಹೇಳಲು ಈ ಕಾಗದ.

ನೆಗೀನ್‌ಳನ್ನು ಕರೆದುಕೊಂಡು ಬಾ. ದಿಝಿನ್‌ನ ಹಿಮದ ಇಳಿಜಾರಿಗೆ ಹೋಗೋಣ. ಅವಳ ಅಪ್ಪ, ನನ್ನ ತಮ್ಮ ಇರಜ್, ಹೇಳುತ್ತಿದ್ದ ಮಾತು ನಿನಗೆ ನೆನಪಿರಬೇಕು: "ಹತ್ತು ತುಂಬ್ಲಿ, ಮೇಲಿನ ಇಳಿಜಾರಿಗೆ ನಾನೇ ಕರ್ಕೊಂಡು ಹೋಗ್ತೀನಿ." ಊರಿನ ಮಕ್ಕಳಿಗೆಲ್ಲ ಸ್ಕೀ ಕಲಿಸಿದವನು ತನ್ನ ಮಗಳಿಗೆ ಹತ್ತು ತುಂಬಿದ ತಿಂಗಳಲ್ಲೇ ರೊಟ್ಟಿ ಅಂಗಡಿಯ ಸಾಲಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಈಗ ಹುಡುಗಿಗೆ ಹದಿನಾರು. ಅವಳು ಮೇಲಿನಿಂದ ಇಳಿದು ಬರುವುದನ್ನು ನಾನು ಒಮ್ಮೆ ಕಣ್ಣಾರೆ ನೋಡಬೇಕು. ಮುಂದಿನ ಚಳಿಗಾಲದ ಮಾತು ಬೇಡ. ಈ ಚಳಿಗಾಲ.

ಫೋನಿನಲ್ಲಿ ಇದನ್ನೆಲ್ಲ ಮಾತಾಡಲು ಆಗುವುದಿಲ್ಲ. ನಾವಿಬ್ಬರೂ ಫೋನಿನಲ್ಲಿ ಒಬ್ಬರ ಆರೋಗ್ಯ ಒಬ್ಬರು ವಿಚಾರಿಸುತ್ತೇವೆ, 'ನಿಮಗಾಗಿ ನನ್ನ ಪ್ರಾಣ' ಅಂತ ಒಬ್ಬರಿಗೊಬ್ಬರು ಪ್ರಾಣ ಅರ್ಪಿಸುತ್ತೇವೆ, ಅಷ್ಟರಲ್ಲಿ ಲೈನು ಕಡಿದುಹೋಗುತ್ತದೆ. ಇರಜ್ ನಗುತ್ತಿದ್ದನಲ್ಲ, "ನಮ್ಮನೆಯವ್ರು ಬಾಗಿಲಲ್ಲಿ ನಿಂತು 'ನೀವು ಮೊದ್ಲು, ನೀವು ಮೊದ್ಲು' ಅಂತ ಮುಗ್ಸೋ ಹೊತ್ಗೆ ಹಿಮಾನೇ ಕರಗಿರುತ್ತೆ" ಅಂತ. ನಮ್ಮ ಜನಕ್ಕೆ ಮೊದಲ ಸಲ ಕೇಳಿದಾಗ ಹೂಂ ಅಂದರೆ ಮರ್ಯಾದೆ ಹೋಗುತ್ತದೆ. ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಒಪ್ಪಬೇಕು. ಕಾಗದ ಹೋಗಲು ಹತ್ತು ದಿನ, ಬರಲು ಹತ್ತು ದಿನ. ಮೂರು ಸಲ ಕೇಳುತ್ತ ಕೂತರೆ ನನಗೆ ಬೇಸಿಗೆ ಬಂದುಬಿಡುತ್ತದೆ.

ಅದಕ್ಕೇ ಒಂದು ಕರಾರು. ನಮ್ಮಿಬ್ಬರ ನಡುವೆ ಈ ಸಲ ಬಾಯುಪಚಾರ ಇಲ್ಲ. ಬರುವುದಾದರೆ ಬರುತ್ತೇವೆ ಅನ್ನು, ಇಲ್ಲವಾದರೆ ಇಲ್ಲ ಅನ್ನು. ನೀನು ಹೇಳಿದ್ದನ್ನು ನಾನು ಹಾಗೇ ನಂಬುತ್ತೇನೆ.

ಇಫ್ಫತ್

*

ಬುಶೆಹರ್
ಆಜರ್ ೨೪

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಬಂದಾಗ ನಾನು ಆಸ್ಪತ್ರೆಯಿಂದ ಬಂದು ಚಪ್ಪಲಿ ಕೂಡ ಬಿಡದೆ ಗೋಡೆಗೆ ಒರಗಿ ಕೂತಿದ್ದೆ. ಈ ತಿಂಗಳು ಇಬ್ಬರು ದಾದಿಯರು ರಜೆಯಲ್ಲಿದ್ದಾರೆ, ಅವರ ಪಾಳಿಯೂ ನನ್ನ ಹೆಗಲಿಗೆ. ಇಲ್ಲಿ ಚಳಿಗಾಲ ಅಂದರೆ ಬೆವರು ಸ್ವಲ್ಪ ಕಡಿಮೆ, ಅಷ್ಟೆ. ನೆಗೀನ್ ಕಾಗದ ಕಿತ್ತುಕೊಂಡು ಓದಿದಳು. ಒಳಗೆ ಹೋಗಿ ಟ್ರಂಕಿನಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದು, "ಅಮ್ಮಾ, ಅಪ್ಪ ತಂದಿದ್ದ ಕೆಂಪು ಟೋಪಿ ಎಲ್ಲಿ?" ಅಂದಳು.

ಕರಾರಿನಂತೆ ಹೇಳುತ್ತಿದ್ದೇನೆ: ಬರುತ್ತೇವೆ. ಹೀಗೆ ಬರೆದ ಮೇಲೆ ತಲೆಯ ಮೇಲೆ ಮುಸುಕಿಲ್ಲದೆ ಬೀದಿಗೆ ಬಂದ ಹಾಗಾಯಿತು. ನಮ್ಮಮ್ಮ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು. ಆದರೂ ಬರುತ್ತೇವೆ. ಪರೀಕ್ಷೆ ಮುಗಿದು ಶಾಲೆಗೆ ರಜೆ ಬರುವುದು ಬಹ್ಮನ್ ತಿಂಗಳ ಎರಡನೆಯ ವಾರ. ಆಗ ನನಗೂ ನಾಲ್ಕು ದಿನ ಸಿಗಬಹುದು.

ಇಡೀ ಬುಶೆಹರ್ ಹುಡುಕಿದರೂ ಉಣ್ಣೆಯ ಕೈಗವಸು ಸಿಗಲಿಲ್ಲ. ಅಂಗಡಿಯವನು, "ಅಮ್ಮಾ, ಯಾರಿಗೆ, ಮೀನಿಗಾ?" ಅಂದ. ನಾನೇ ಹೆಣೆಯುತ್ತಿದ್ದೇನೆ. ಬಲಗೈಯದು ಆಗಿದೆ.

ಇನ್ನೊಂದು ವಿಷಯ ನಿಮಗೆ ಹೇಳುವುದಿದೆ. ಕಾಗದದಲ್ಲಿ ಬೇಡ, ಎದುರಿಗೇ ಹೇಳುತ್ತೇನೆ.

ನಿಮ್ಮ ಮಾಹ್‌ರುಖ್

*

ಟೆಹರಾನ್
ದೆಯ್ ೮

ಮಾಹ್‌ರುಖ್,

ಒಂದೇ ಮಾತಿಗೆ ಹೂಂ ಅಂದೆಯಲ್ಲ, ನಿನ್ನ ಬಾಯಿಗೆ ಸಕ್ಕರೆ. ಬಹ್ಮನ್ ೧೨ರಿಂದ ಮೂರು ದಿನಕ್ಕೆ ಅಲ್ಲಿನ ಹೋಟೆಲಿನಲ್ಲಿ ಒಂದು ಕೋಣೆ ಹೇಳಿದ್ದೇನೆ. ಇರಜ್‌ನ ಸ್ಕೀ ಹಲಗೆಗಳನ್ನು ಉಗ್ರಾಣದಿಂದ ತೆಗೆಸಿ ಮೇಣ ಹಚ್ಚಿಸಿದೆ. ನೆಗೀನ್ ಈಗ ಅವನಷ್ಟೇ ಎತ್ತರ ಇದ್ದಾಳೆ ಅಂತ ನೀನೇ ಹಿಂದೆ ಬರೆದಿದ್ದೆ, ಸರಿಹೋಗಬಹುದು. ಮೊದಲೆರಡು ದಿನ ಕೆಳಗಿನ ಇಳಿಜಾರಿನಲ್ಲಿ ಕಾಲು ಪಳಗಿಸಿಕೊಳ್ಳಲಿ, ಮೂರನೆಯ ದಿನ ಕೇಬಲ್ ಕಾರಿನಲ್ಲಿ ಮೇಲಕ್ಕೆ. ನಾನು ಯಾವತ್ತಿನ ಹಾಗೆ ಚಹಾ ಅಂಗಡಿಯ ಪಕ್ಕ ಎಲ್ಲರ ಕೋಟು ಹಿಡಿದು ನಿಲ್ಲುತ್ತೇನೆ. ಸೊಪ್ಪು ಮೊಟ್ಟೆ ಸೇರಿಸಿ ಹುರಿದ ಕೂಕು ಮಾಡಿ ರೊಟ್ಟಿಯಲ್ಲಿ ಸುತ್ತಿ ತರುತ್ತೇನೆ. ಅಲ್ಲಿಯ ಊಟ ಬಾಯಿಗಿಡುವ ಹಾಗಿರುವುದಿಲ್ಲ.

ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಮುಂದಕ್ಕೆ ಹಾಕಿದೆ. ಹೇಳಿಕೊಳ್ಳುವಂಥದ್ದೇನಲ್ಲ, ಕಣ್ಣಲ್ಲಿ ನೀರು ಬರುತ್ತದೆ.

ಎದುರಿಗೇ ಹೇಳುತ್ತೇನೆ ಅಂದ ವಿಷಯ ಏನೆಂದು ನನಗೆ ಗೊತ್ತಾಯಿತು. ನೆಗೀನ್‌ಗೆ ಗಂಡು ನೋಡಿದ್ದೀಯ. ಮಾಹ್‌ರುಖ್, ಹುಡುಗಿ ಓದಲಿ. ಆ ಮನೆಯಲ್ಲಿ ಮದುವೆಯ ಮಾತು ಈಗಲೇ ಏಳುವುದು ನನಗೆ ಹಿಡಿಸುವುದಿಲ್ಲ. ಇರಜ್‌ನ ಹೆಸರು ಹೇಳಿಕೊಂಡು ಇರುವವರು ನೀವಿಬ್ಬರೇ. ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕರಾರು ಇದೆಯಲ್ಲ.

ಇಫ್ಫತ್

*

ಬುಶೆಹರ್
ದೆಯ್ ೨೦

ಪೂಜ್ಯ ಅತ್ತಿಗೆಯವರ ಪಾದಗಳಿಗೆ,

ನಿಮ್ಮ ಕಾಗದ ತಲುಪಿತು. ಈ ಸಲ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೀರಿ. ಒಂದು ಹಾಳೆಗೆ ಎಂಟೇ ಸಾಲು. ತಪ್ಪು ಮಾಡಿದ ಹುಡುಗಿಯರಿಗೆ ಕರಿಹಲಗೆಯ ಮೇಲೆ ಬರೆಯುತ್ತಿದ್ದಿರಲ್ಲ, ಹಾಗಿತ್ತು. ಎರಡು ಸಲ ಓದಿದೆ.

ನೆಗೀನ್‌ಗೆ ಯಾವ ಗಂಡೂ ನೋಡಿಲ್ಲ. ಅವಳು ಓದುತ್ತಾಳೆ. ನಿಮಗೆ ಹಿಡಿಸದ ಯಾವ ಕೆಲಸವೂ ಈ ಮನೆಯಲ್ಲಿ ಆಗಬಾರದು ಅನ್ನುವುದೇ ನನ್ನ ಆಸೆ.

ನಮ್ಮಿಂದಾಗಿ ನೀವು ಡಾಕ್ಟರನ್ನು ಬಿಟ್ಟಿದ್ದೀರಿ, ಕೋಣೆ ಹಿಡಿದಿದ್ದೀರಿ, ಈ ವಯಸ್ಸಿನಲ್ಲಿ ಮಂಜಿನಲ್ಲಿ ನಮ್ಮ ಕೋಟು ಹಿಡಿದು ನಿಲ್ಲುತ್ತೇನೆ ಅನ್ನುತ್ತೀರಿ. ನಾವು ಅಷ್ಟಕ್ಕೆಲ್ಲ ಯೋಗ್ಯರಲ್ಲ. ನಿಮಗೆ ಯಾಕೆ ತೊಂದರೆ? ಈ ವರ್ಷ ಬೇಡ ಬಿಡಿ. ದೇವರು ಆಯುಸ್ಸು ಕೊಟ್ಟರೆ ಮುಂದಿನ ವರ್ಷ ನೋಡೋಣ. ನಿಮ್ಮ ನೆರಳು ನಮ್ಮ ತಲೆಯ ಮೇಲಿದ್ದರೆ ಸಾಕು.

ನಿಮ್ಮ ಪಾದಧೂಳಿ
ಮಾಹ್‌ರುಖ್

*

ಟೆಹರಾನ್
ಬಹ್ಮನ್ ೧

ಮಾಹ್‌ರುಖ್,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದೆ ಇರಲು ಆಗುತ್ತಿಲ್ಲ.

ಮುಂದಿನ ವರ್ಷ ಅಂದೆ. ನನಗೆ ಮುಂದಿನ ವರ್ಷ ಇಲ್ಲ. ಪ್ರಾಣಕ್ಕೇನೂ ಆಗಿಲ್ಲ, ಅದು ಗಟ್ಟಿಯಾಗಿದೆ. ಕಣ್ಣು ಹೋಗುತ್ತಿದೆ. ಎಡಗಣ್ಣು ಚಳಿಗಾಲಕ್ಕೆ ಮೊದಲೇ, ಮೆಹ್ರ್ ತಿಂಗಳಲ್ಲೇ ಹೋಯಿತು, ಬಲಗಣ್ಣು ಅದರ ಹಿಂದೆ ಹೊರಟಿದೆ. ಕತ್ತಲೆಯಲ್ಲ. ಯಾವುದನ್ನು ನೋಡಬೇಕೋ ಸರಿಯಾಗಿ ಅದರ ಮೇಲೇ ಒಂದು ಬೂದು ಮಚ್ಚೆ ಕೂರುತ್ತದೆ. ರೊಟ್ಟಿಯವನ ಮುಖ ನೋಡಿದರೆ ಮುಖ ಇರುವುದಿಲ್ಲ, ಅವನ ಪಕ್ಕದ ಗಡಿಯಾರ ಮಾತ್ರ ಚೆನ್ನಾಗಿ ಕಾಣುತ್ತದೆ. ಬಲಗಣ್ಣು ಬೇಸಿಗೆಯವರೆಗೆ ಬಂದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ. ಅಕ್ಷರ ದೊಡ್ಡದಾಗಿದ್ದು ಸಿಟ್ಟಿನಿಂದಲ್ಲ. ಸಣ್ಣ ಅಕ್ಷರ ಬರೆದರೆ ನಾನು ಬರೆದದ್ದು ನನಗೇ ಕಾಣುವುದಿಲ್ಲ.

ಇದನ್ನು ಹೇಳಿದರೆ ನೀನು ಓಡಿ ಬರುತ್ತೀಯ. ಕನಿಕರಕ್ಕೆ ಬರುವುದು ನನಗೆ ಬೇಡ. ಆ ಹುಡುಗಿ ಕುರುಡಿ ಅತ್ತೆಯನ್ನು ಸಮಾಧಾನ ಮಾಡಲೆಂದು ಹಿಮದ ಮೇಲೆ ಇಳಿಯುವುದು ಬೇಡ. ಅವಳು ಖುಷಿಗೆ ಇಳಿಯಬೇಕು, ನಾನು ಖುಷಿಗೆ ನೋಡಬೇಕು. ಇಷ್ಟೇ ಇದ್ದದ್ದು.

ನಿನ್ನ 'ಬೇಡ' ನಿಜವಾದ ಬೇಡವೋ ಉಪಚಾರದ ಬೇಡವೋ ನನಗೆ ತಿಳಿಯುತ್ತಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಬೇರೆ ವರ್ಷವಾಗಿದ್ದರೆ ಇನ್ನೂ ಎರಡು ಸಲ ಕೇಳುತ್ತಿದ್ದೆ. ಆದರೆ ಹೇಳಿದ್ದನ್ನು ಹಾಗೇ ನಂಬುತ್ತೇನೆ ಅಂತ ಮಾತು ಕೊಟ್ಟವಳು ನಾನೇ. ಮತ್ತೆ ಕೇಳಿದರೆ ನಿನ್ನನ್ನು ಸುಳ್ಳಿ ಅಂದ ಹಾಗೆ. ನಿಜವಾಗಿಯೂ ಬರಲು ಮನಸ್ಸಿಲ್ಲದವಳನ್ನು ಪೀಡಿಸಿದ ಹಾಗೂ ಆಗಬಹುದು. ತುಂಬಾ ದಣಿದಿದ್ದೇನೆ ಮಾಹ್‌ರುಖ್.

*

ಟೆಹರಾನ್
ಬಹ್ಮನ್ ೨

ಮಾಹ್‌ರುಖ್,

ಸರಿ. ನೀನು ಬೇಡ ಅಂದದ್ದಕ್ಕೆ ಕೋಣೆ ಬಿಟ್ಟುಕೊಟ್ಟೆ. ಹಲಗೆಗಳನ್ನು ಮತ್ತೆ ಉಗ್ರಾಣಕ್ಕೆ ಹಾಕಿಸಿದ್ದೇನೆ. ನೆಗೀನ್‌ಗೆ ನನ್ನ ಮುತ್ತು.

ಇಫ್ಫತ್

*

ಬುಶೆಹರ್
ಬಹ್ಮನ್ ೨೦

ಅತ್ತಿಗೆ,

ನಿಮ್ಮ ಎರಡು ಸಾಲು ಬಹ್ಮನ್ ೧೧ಕ್ಕೆ ಬಂತು. ಆಗ ನಮ್ಮ ಪೆಟ್ಟಿಗೆ ಬಾಗಿಲ ಹತ್ತಿರವೇ ಇತ್ತು, ಕಟ್ಟಿ ಮುಗಿಸಿಯಾಗಿತ್ತು. ಎರಡೂ ಕೈಗವಸು ಹೆಣೆದಾಗಿತ್ತು. ಖರ್ಜೂರದ ಸಿಹಿ ರಂಗಿನಕ್ ಮಾಡಿ ಡಬ್ಬಿಗೆ ತುಂಬಿದ್ದೆ, ನಿಮಗೆ ಖರ್ಜೂರ ಹೆಚ್ಚು ಬೇಕೆಂದು ಹೆಚ್ಚೇ ಹಾಕಿದ್ದೆ. ನೀವು ಇನ್ನೊಂದು ಸಲ ಕೇಳುತ್ತೀರಿ, ಕೇಳಿದ ಕೂಡಲೇ ಬಸ್ಸು ಹತ್ತುವುದು ಎಂದು ಕಾಯುತ್ತಿದ್ದೆವು. ಬಸ್ಸಿನ ಟಿಕೇಟು ಕೂಡ ತೆಗೆದಿಟ್ಟಿದ್ದೆ.

ನೆಗೀನ್ ನಿಮ್ಮ ಕಾಗದ ಓದಿ, "ನೀನು ಏನು ಬರ್ದಿದ್ದೆ?" ಅಂತ ಕೇಳಿದಳು. ಬರೆದದ್ದನ್ನು ಹೇಳಿದೆ. ಅವಳು ಕೆಂಪು ಟೋಪಿ ತೆಗೆದು ಟ್ರಂಕಿನ ತಳಕ್ಕೆ ಹಾಕಿದಳು. "ಅತ್ತೆ ಬಾಯ್ಬಿಟ್ಟು ಕೇಳಿದ್ರಲ್ಲಮ್ಮ. ಒಂದ್ಸಲ ನಿಜ ಹೇಳೋಕೆ ನಿಂಗೇನಾಗಿತ್ತು?" ಅಂದಳು. ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಮೂರು ಸಲ ಫೋನು ಎತ್ತಿ ಕೆಳಗಿಟ್ಟೆ. ಫೋನಿನಲ್ಲಿ ನಾನು ಮತ್ತೆ ನಿಮಗೆ ಪ್ರಾಣ ಅರ್ಪಿಸುತ್ತಿದ್ದೆ, ಅಷ್ಟೆ.

ನನಗೇನಾಗಿತ್ತು ಅಂತ ಈಗ ಹೇಳುತ್ತೇನೆ. ಆ ಮನೆಯಲ್ಲಿ ಮದುವೆಯ ಮಾತು ಹಿಡಿಸುವುದಿಲ್ಲ ಅಂತ ನೀವು ಬರೆದಿರಿ. ಮದುವೆ ನೆಗೀನ್‌ದಲ್ಲ, ನನ್ನದು. ಖಲೀಲ್ ಅಂತ, ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾರೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಒಳ್ಳೆಯವರು, ಹೆಚ್ಚು ಮಾತಿಲ್ಲ. ನಿಮ್ಮ ಎದುರು ಕೂತು ಹೇಳಬೇಕು ಅಂದುಕೊಂಡಿದ್ದೆ. ನಿಮ್ಮ ಆ ದೊಡ್ಡ ಅಕ್ಷರ ನೋಡಿದ ಮೇಲೆ, ಯಾವ ಮುಖ ಹೊತ್ತು ಇರಜ್‌ನ ಅಕ್ಕನ ಮನೆಗೆ ಬರಲಿ ಅನ್ನಿಸಿತು. ಹೆದರಿದವರಿಗೆ ಉಪಚಾರದ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ನೋಡಿ.

ತಪ್ಪು ನನ್ನದು. ನೀವು ಕರಾರು ಪಾಲಿಸಿದಿರಿ, ನಾನು ಪಾಲಿಸಲಿಲ್ಲ.

ಮಾಹ್‌ರುಖ್

*

ಟೆಹರಾನ್
ಎಸ್ಫಂದ್ ೩

ಮಾಹ್‌ರುಖ್,

ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು ಬರೆಯುತ್ತಿದ್ದೇನೆ. ಸಾಲು ಸೊಟ್ಟಗಾದರೆ ನಗಬೇಡ. ಬಹ್ಮನ್ ೧ರಂದು ಬರೆದು ಕಳಿಸದೆ ಇಟ್ಟ ಕಾಗದ ಒಂದಿತ್ತು, ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಓದಿದೆಯಾ. ಅಲ್ಲಿಂದೀಚೆಗೆ ಬಲಗಣ್ಣಿನ ಮಚ್ಚೆಯೂ ದೊಡ್ಡದಾಗಿದೆ. ಡಾಕ್ಟರು ಬೇಸಿಗೆ ಅಂದಿದ್ದರು, ಅದಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಪಕ್ಕದ್ದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ.

ಈಗ ಖಲೀಲ್ ವಿಷಯ. ನಿನ್ನ ಕಾಗದ ಓದಿದಾಗ ಮೊದಲು ಹಿಡಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಒಂದು ದಿನ ಪೂರ್ತಿ ಇರಜ್‌ನ ಫೋಟೊ ಹಿಡಿದು ಕೂತೆ. ಅವನ ಮುಖವೂ ನನಗೆ ಈಗ ಕಾಣುವುದಿಲ್ಲ, ಚೌಕಟ್ಟು ಕಾಣುತ್ತದೆ. ಎರಡನೆಯ ದಿನ ಅನ್ನಿಸಿದ್ದು ಇಷ್ಟು: ಆರು ವರ್ಷ ನೀನು ಒಬ್ಬಳೇ ಪಾಳಿ ಮಾಡಿದ್ದೀಯ, ಆಸ್ಪತ್ರೆಯಲ್ಲೂ ಮನೆಯಲ್ಲೂ. ಯಾರಾದರೂ ಜೊತೆಗೆ ಬರುತ್ತೇನೆ ಅಂದರೆ ಅಡ್ಡ ಬರಲು ನಾನ್ಯಾರು? ಮದುವೆಯಲ್ಲಿ ನಿಮ್ಮಿಬ್ಬರ ತಲೆಯ ಮೇಲೆ ಹಿಡಿದ ಬಟ್ಟೆಯ ಮೇಲೆ, ಬಾಳು ಸಿಹಿಯಾಗಲಿ ಅಂತ, ಸಕ್ಕರೆ ಅಚ್ಚು ನಾನೇ ಉಜ್ಜುತ್ತೇನೆ. ಮದುವೆಯಾಗದ ಮುದುಕಿ ಉಜ್ಜಬಾರದು ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು.

ದಿಝಿನ್ ಮಾತು ಇನ್ನು ಬೇಡ. ಹಿಮ ಹೊಸ ವರ್ಷದ ನೌರೂಜ್ ಹಬ್ಬ ಕಳೆದ ಮೇಲೂ ಇರುತ್ತದೆ, ಅದು ಗೊತ್ತು. ಆದರೆ ನೋಡಲಾರದವಳ ಮುಂದೆ ಹುಡುಗಿ ಜಾರಿ ತೋರಿಸುವುದು ಯಾರಿಗೆ? ಬರಬೇಡಿ. ಇದು ಉಪಚಾರದ ಬೇಡವಲ್ಲ. ಕರಾರಿನ ಬೇಡ.

ಇಫ್ಫತ್

*

ಬುಶೆಹರ್
ಎಸ್ಫಂದ್ ೧೬

ಅತ್ತಿಗೆ,

ನಿಮ್ಮ ಎರಡೂ ಕಾಗದ ಓದಿದೆ. ಅತ್ತುಬಿಟ್ಟೆ. ಆಸ್ಪತ್ರೆಗೆ ಹೋಗಿ ಅಲ್ಲೂ ಅತ್ತುಬಿಟ್ಟೆ. ಇಷ್ಟು ವರ್ಷ ದಾದಿಯಾಗಿ ಕೆಲಸ ಮಾಡಿದವಳು ಅಕ್ಷರ ದೊಡ್ಡದಾದರೆ ಕಣ್ಣಿನ ಬಗ್ಗೆ ಯೋಚಿಸಬೇಕಿತ್ತು. ನಾನು ನಿಮ್ಮ ಕೋಪದ ಬಗ್ಗೆ ಯೋಚಿಸಿದೆ.

ನಿಮ್ಮ 'ಬೇಡ' ತಲುಪಿತು. ನಾನು ನಂಬಲಿಲ್ಲ. ಕರಾರು ಇವತ್ತಿಗೆ ಮುಗಿಯಿತು, ಹಳೆಯ ಪದ್ಧತಿಯಲ್ಲೇ ಕೇಳುತ್ತೇನೆ. ನೆಗೀನ್‌ಳನ್ನು ಕಳಿಸಲಾ? ಕಳಿಸಲಾ? ಕಳಿಸಲಾ? ಮೂರು ಸಲ ಆಯಿತು. ಇನ್ನು ನೀವು ಒಪ್ಪಲೇಬೇಕು.

ಹಬ್ಬಕ್ಕೆ ನನಗೆ ರಜೆ ಸಿಕ್ಕಿಲ್ಲ. ನಮ್ಮ ವಾರ್ಡಿನ ಒಬ್ಬ ದಾದಿ ಟೆಹರಾನಿನ ತವರಿಗೆ ಹೊರಟಿದ್ದಾಳೆ, ಅವಳ ಜೊತೆ ನೆಗೀನ್ ಫರ್ವರ್ದೀನ್ ೩ಕ್ಕೆ ನಿಮ್ಮ ಬಾಗಿಲಿಗೆ ಬರುತ್ತಾಳೆ. ಕನಿಕರಕ್ಕೆ ಬರುತ್ತಿದ್ದಾಳೆ ಅಂದುಕೊಳ್ಳಬೇಡಿ. "ಅತ್ತೆಗೆ ಕಂಡ್ರೂ ಇಳೀತೀನಿ, ಕಾಣ್ದಿದ್ರೂ ಇಳೀತೀನಿ, ಅಪ್ಪ ನಂಗೆ ಮಾತು ಕೊಟ್ಟಿದ್ದು" ಅನ್ನುತ್ತಾಳೆ. ನನ್ನ ಜೊತೆ ಮಾತು ಶುರುವಾಗಿದೆ.

ಹಲಗೆಗಳನ್ನು ಹೊರಗೆ ತೆಗೆಸಿ.

ಮಾಹ್‌ರುಖ್

*

ದಿಝಿನ್
ಫರ್ವರ್ದೀನ್ ೯, ೧೩೭೫ (ಮಾರ್ಚ್ ೨೮, ೧೯೯೬)

ಮಾಹ್‌ರುಖ್,

ನಾನು ಹೇಳುತ್ತಿದ್ದೇನೆ, ನಿನ್ನ ಮಗಳು ಬರೆಯುತ್ತಿದ್ದಾಳೆ. ನಾನು ಹೇಳದ್ದನ್ನೂ ಸೇರಿಸಬಹುದು, ಹುಷಾರಾಗಿ ಓದು. ಹಿಮ ಚೆನ್ನಾಗಿದೆ. ಊಟ ನಾನು ಹೇಳಿದ ಹಾಗೇ ಇದೆ. ನೀನು ಕಳಿಸಿದ ರಂಗಿನಕ್ ಡಬ್ಬಿ ಖಾಲಿಯಾಯಿತು, ಅರ್ಧಕ್ಕಿಂತ ಹೆಚ್ಚು ತಿಂದವಳು ನಾನೇ. ಮೊದಲ ದಿನ ನಿನ್ನ ಮಗಳು ಹನ್ನೊಂದು ಸಲ ಬಿದ್ದಳು. ಖಲೀಲ್‌ಗೆ ನನ್ನ ನಮಸ್ಕಾರ ಹೇಳು. ಸಕ್ಕರೆಯ ಮಾತು ಮರೆತಿಲ್ಲ. ನನಗೆ ನಿದ್ದೆ ಬರುತ್ತಿದೆ, ಉಳಿದದ್ದು ಇವಳು ಬರೆಯುತ್ತಾಳಂತೆ.

ಅಮ್ಮಾ, ಇನ್ನು ಮುಂದಿನದು ನನ್ನದು.

ಬಿದ್ದದ್ದು ಹನ್ನೊಂದು ಸಲ ಅಲ್ಲ, ಒಂಬತ್ತು. ಇವತ್ತು ಮೇಲೆ ಹೋದೆ. ಕೇಬಲ್ ಕಾರಿನಿಂದ ಇಳಿದು ಕೆಳಗೆ ನೋಡಿದೆ. ಅಪ್ಪನ ಹಲಗೆಗಳು ಭಾರ. ಚಹಾ ಅಂಗಡಿಯ ಪಕ್ಕ ಅತ್ತೆಯ ಕಪ್ಪು ಕೋಟು ಕಾಣುತ್ತಿತ್ತು. ನಾನು ಕೈ ಬೀಸಿದೆ. ಅವರು ನನ್ನ ಕಡೆ ಮುಖವನ್ನೇ ಮಾಡಿರಲಿಲ್ಲ. ಪಕ್ಕಕ್ಕೆ ತಿರುಗಿ ಅಂಗಡಿಯ ಒಲೆ ನೋಡುತ್ತ ನಿಂತಿದ್ದರು. ನನಗೆ ಎಷ್ಟು ಬೇಜಾರಾಯಿತು ಗೊತ್ತಾ. ಆ ಬೇಜಾರಲ್ಲೇ ಇಳಿದೆ. ಇಳಿಯುವಾಗ ಉದ್ದಕ್ಕೂ ನೋಡಿದೆ, ಅವರು ಒಂದು ಸಲವೂ ಇತ್ತ ತಿರುಗಲಿಲ್ಲ. ಒಮ್ಮೆಯೂ ಬೀಳಲಿಲ್ಲ ಅಮ್ಮಾ, ಅದೂ ವ್ಯರ್ಥವಾಯಿತು ಅನ್ನಿಸಿತು.

ಹತ್ತಿರ ಹೋಗಿ, "ಅತ್ತೆ, ನೀವು ನೋಡ್ಲೇ ಇಲ್ಲ" ಅಂದೆ. ಅಳು ಬಂದಿತ್ತು.

ಅತ್ತೆ ಆಗಲೂ ಒಲೆಯ ಕಡೆಗೇ ಮುಖ ಮಾಡಿದ್ದರು. "ತಿರುಗೋವಾಗ ಎಡಗಾಲು ಹೊರಗೆ ಚಾಚ್ತೀಯ. ನಿಮ್ಮಪ್ಪನಿಗೂ ಹೇಳಿ ಹೇಳಿ ಸಾಕಾಗಿತ್ತು. ಎರಡು ಸಲ ಚಾಚ್ದೆ, ಬಂಡೆ ಹತ್ರ ಒಂದ್ಸಲ, ಕೊನೇಲಿ ಒಂದ್ಸಲ" ಅಂದರು.

ನೇರ ನೋಡಿದರೆ ನಾನು ಕಾಣುವುದಿಲ್ಲ, ಅದಕ್ಕೇ ಮುಖ ತಿರುಗಿಸಿ ಕಣ್ಣಿನ ಅಂಚಿನಲ್ಲಿ ನೋಡಿದರಂತೆ. ಮೇಲಿನಿಂದ ಕೆಳಗಿನವರೆಗೆ ಕೆಂಪು ಟೋಪಿಯನ್ನು ಒಂದು ಕ್ಷಣವೂ ಬಿಡಲಿಲ್ಲವಂತೆ. ಅವರ ಕೆನ್ನೆ ಒದ್ದೆಯಾಗಿತ್ತು. ಕಣ್ಣಲ್ಲಿ ನೀರು ಬರುವುದು ಮೊದಲಿನಿಂದಲೂ ಇದೆ ಅಂದರು.

ಆಮೇಲೆ, "ಇನ್ನೊಂದ್ಸಲ ಹೋಗ್ತೀಯಾ?" ಅಂತ ಕೇಳಿದರು. ಅವರ ಕೈ ಮುಟ್ಟಿ ನೋಡಿದೆ, ಮಂಜುಗಡ್ಡೆಯ ಹಾಗಿತ್ತು. ಬೇಡ ಅತ್ತೆ, ನಿಮಗೆ ಚಳಿ ಅಂದೆ. ಮತ್ತೆ ಕೇಳಿದರು. ಬೇಡ ಅಂದೆ. ನೀನು ಹೆಣೆದ ಕೈಗವಸು ನನ್ನ ಕೈಗೆ ತೊಡಿಸುತ್ತ ಮೂರನೆಯ ಸಲ, "ಹೋಗ್ತೀಯಾ?" ಅಂದರು.

ಹೂಂ ಅಂದೆ. ಅತ್ತೆ ತಡವಿ ನನ್ನ ಟೋಪಿ ಸರಿಮಾಡಿ, ಚಹಾ ಅಂಗಡಿಯ ಕಡೆ ಮುಖ ತಿರುಗಿಸಿ ನಿಂತರು.

ನೆಗೀನ್